ಮರಳಿ ಬಂದ ಮಗುವಿಗೆ ಬಾಗಿಲು ತೆರೆಯುವವರಾರು?



ಇಟ್ಟಿಗೆ ಗೂಡಿನ ಜೀತದಿಂದ ಬಿಡುಗಡೆಯಾದ ಹುಡುಗನೊಬ್ಬ ನಾಳೆ ಕ್ಯಾತ್ಸಂದ್ರದ ನಿಮ್ಮ ಬೀದಿಗೆ ಮರಳಿ ಬಂದನೆನ್ನಿ. ನಾಲ್ಕು ದಿನ ಎಲ್ಲರೂ ಅಯ್ಯೋ ಪಾಪ ಎನ್ನುತ್ತೇವೆ. ಐದನೆಯ ದಿನ, "ಅವನ ಜೊತೆ ಸೇರಬೇಡ ಕಣೋ" ಎಂದು ನಮ್ಮ ಮಕ್ಕಳಿಗೆ ಮೆಲ್ಲಗೆ ಹೇಳುತ್ತೇವೆ. ಹಾಗಿದ್ದರೆ ಬಲವಂತವಾಗಿ ಬಂದೂಕು ಹಿಡಿಸಲ್ಪಟ್ಟು, ತನ್ನ ಊರಿನವರ ಮೇಲೆಯೇ ಕೈಮಾಡಿ ಬಂದ ಮಗುವಿನ ಪಾಡೇನು?

ಉಗಾಂಡ ದೇಶದ ಉತ್ತರ ಭಾಗದಲ್ಲಿ ಈ ಪ್ರಶ್ನೆ ಮನೆಮನೆಯದಾಗಿತ್ತು. 1996ರ ಅಕ್ಟೋಬರ್ 10ರ ನಸುಕಿನಲ್ಲಿ ಅಬೋಕೆ ಎಂಬಲ್ಲಿನ ಸಂತ ಮರಿಯಮ್ಮನವರ ಶಾಲೆಯ ವಸತಿನಿಲಯಕ್ಕೆ ನುಗ್ಗಿದ ಬಂಡುಕೋರರು 139 ಹೆಣ್ಣುಮಕ್ಕಳನ್ನು ಎಳೆದೊಯ್ದರು. ಉಪಮುಖ್ಯೋಪಾಧ್ಯಾಯಿನಿ ಸಿಸ್ಟರ್ ರಾಕೆಲೆ ಫಾಸ್ಸೆರಾ ಒಬ್ಬ ಶಿಕ್ಷಕರೊಡನೆ ಕಾಡಿನ ಹಾದಿ ಹಿಡಿದು ಬೆನ್ನಟ್ಟಿ, ಬೇಡಿಕೊಂಡು, 109 ಮಕ್ಕಳನ್ನು ಬಿಡಿಸಿ ತಂದರು. ಮೂವತ್ತು ಮಂದಿ ಅಲ್ಲೇ ಉಳಿದರು.

ಹಾಗೆ ಉಳಿದವಳೊಬ್ಬಳ ತಾಯಿ ಏಂಜಲೀನಾ ಅತ್ಯಾಮ್. ಮಕ್ಕಳನ್ನು ಕಳೆದುಕೊಂಡ ತಂದೆತಾಯಂದಿರು ಸೇರಿ ಪ್ರಾರ್ಥಿಸುತ್ತಿದ್ದರು. ಒಂದು ದಿನ ಪರಲೋಕ ಪ್ರಾರ್ಥನೆಯಲ್ಲಿ ಕ್ಷಮೆಯ ಮಾತು ಬರುವಲ್ಲಿ ಅವರ ನಾಲಿಗೆ ನಿಂತುಹೋಯಿತು. ನಾವಾದರೋ ದಿನವೂ ಆ ಸಾಲನ್ನು ಎಷ್ಟು ಸಲೀಸಾಗಿ ದಾಟಿಬಿಡುತ್ತೇವೆ! ಬಾಯಿ ಮುಚ್ಚಿಕೊಂಡಿದ್ದರೆ ನಿನ್ನ ಮಗಳನ್ನು ಬಿಡುತ್ತೇವೆಂದು ಬಂಡುಕೋರರು ಹೇಳಿಕಳಿಸಿದಾಗ ಆ ತಾಯಿ, ಎಲ್ಲ ಮಕ್ಕಳನ್ನೂ ಬಿಡುವುದಾದರೆ ಸರಿ ಎಂದರು. ಮಗಳು ತಪ್ಪಿಸಿಕೊಂಡು ಬಂದದ್ದು 2004ರಲ್ಲಿ, ಅಲ್ಲಿ ಹುಟ್ಟಿದ ಮಕ್ಕಳೊಡನೆ.

ಹೀಗೆ ಬಂದವರನ್ನು ಬರಮಾಡಿಕೊಳ್ಳಲು ಅಲ್ಲಿನ ಅಚೋಲಿ ಜನರಲ್ಲಿ ಒಂದು ಪದ್ಧತಿ ಇದೆ. ಬಾಗಿಲಲ್ಲಿ ಹಸಿ ಮೊಟ್ಟೆಯೊಂದನ್ನಿಟ್ಟು, ಅದನ್ನು ತುಳಿದು ಒಳಗೆ ಬಾ ಎನ್ನುತ್ತಾರೆ. ಹೊರಗಿನ ಕೊಳೆ ಹೊರಗೇ ಉಳಿಯಿತೆಂದು ಅದರ ಅರ್ಥ. ನಾವು ಹೊಸಿಲಲ್ಲಿ ಆರತಿ ಎತ್ತಿ ದೃಷ್ಟಿ ತೆಗೆಯುವುದಿಲ್ಲವೇ, ಹಾಗೆ. ಇಡೀ ಊರು ನೋಡುತ್ತಿರುವಾಗ ಇದು ನಡೆಯುತ್ತದೆ ಎಂಬುದೇ ಮುಖ್ಯ. ಸಿಯೆರಾ ಲಿಯೋನ್ ದೇಶದಲ್ಲಿ ಇಂಥ ಮಕ್ಕಳನ್ನು 2002ರಿಂದ ವರ್ಷಗಟ್ಟಲೆ ಗಮನಿಸಿದ ತೆರೇಸಾ ಬೆಟಾನ್‌ಕೋರ್ಟ್ ಎಂಬ ವಿದ್ವಾಂಸರು ಕಂಡದ್ದೂ ಇದನ್ನೇ: ಮನೆಯವರೂ ಊರವರೂ ಸೇರಿಸಿಕೊಂಡ ಮಕ್ಕಳ ಮನಸ್ಸು ಹೆಚ್ಚು ಚೇತರಿಸಿಕೊಂಡಿತು, ಹಳಿಯಲ್ಪಟ್ಟವರಲ್ಲಿ ಖಿನ್ನತೆ, ಸಿಡುಕು ಹೆಚ್ಚಾಗಿದ್ದವು.

ಲೂಕನ ಶುಭಸಂದೇಶದ 15ನೇ ಅಧ್ಯಾಯದಲ್ಲಿ ದುಂದುಗಾರ ಮಗನನ್ನು ಅಪ್ಪಿಕೊಂಡ ತಂದೆಯನ್ನೇ ನಾವು ನೆನೆಯುತ್ತೇವೆ. ಹೊರಗೆ ಮುನಿಸಿಕೊಂಡು ನಿಂತ ಅಣ್ಣನನ್ನೂ ಸ್ವಲ್ಪ ನೋಡಿ. ಅವನೇ ಊರು. ಅಲ್ಲದೆ, ಅಪಹರಣಕ್ಕೊಳಗಾದ ಮಗು ತಾನಾಗಿ ಮನೆಬಿಟ್ಟು ಹೋದದ್ದಲ್ಲ.

ನೊಂದ ಮಗು ರಾತ್ರಿ ಬೆಚ್ಚಿ ಕಿರುಚೀತು, ಪಟಾಕಿ ಸದ್ದಿಗೆ ಮಂಚದಡಿ ಸೇರೀತು, ಕಾರಣವಿಲ್ಲದೆ ಹೊಡೆದೀತು. ದೆವ್ವ ಹಿಡಿದಿದೆ ಎನ್ನಬೇಡಿ. ಅಲ್ಲಿ ಏನಾಯಿತು ಎಂದು ಬಂದುಹೋಗುವವರ ಮುಂದೆಲ್ಲ ಕೆದಕಬೇಡಿ. ತಾನಾಗಿ ಹೇಳಿದಾಗ ಕೇಳಿಸಿಕೊಳ್ಳಿ. ಊಟ, ಶಾಲೆ, ಜಪಸರ, ನಿದ್ದೆ ದಿನವೂ ಒಂದೇ ಹೊತ್ತಿಗೆ ನಡೆಯಲಿ. ಮುಂದೇನೆಂದು ಗೊತ್ತಿರುವುದೇ ಅಂಥ ಮಗುವಿಗೆ ದೊಡ್ಡ ಧೈರ್ಯ. ಪ್ರಾರ್ಥನೆ ಬೇಕು, ವೈದ್ಯರೂ ಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲೇ ಸಲಹೆ ಕೇಳಬಹುದು. ಮಗು ಅಪಾಯದಲ್ಲಿದ್ದರೆ 1098.

ಜಾತಿಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಸರೆ ನೀಡುವ ಸಿದ್ಧಗಂಗಾ ಮಠ ಕ್ಯಾತ್ಸಂದ್ರದ ಪಕ್ಕದಲ್ಲೇ ಇದೆ. ಬಂದ ಮಗುವನ್ನು ಪಂಕ್ತಿಯಲ್ಲಿ ಕೂರಿಸಿಕೊಳ್ಳುವುದು ಈ ಊರಿಗೆ ಹೊಸತಲ್ಲ. ಮುಂದಿನ ಭಾನುವಾರ ಧರ್ಮೋಪದೇಶದ ತರಗತಿಯಲ್ಲಿ ಆ ಹುಡುಗ ಯಾರ ಪಕ್ಕ ಕೂರುತ್ತಾನೆಂದು ಇಂದು ರಾತ್ರಿ ಊಟದ ಹೊತ್ತಿಗೆ ನಿಮ್ಮ ಮಕ್ಕಳೊಡನೆ ಮಾತಾಡಿ.