ಗುಣವಾದ ನಾಯಿಗೆ ದಾನಿಗಳಿಲ್ಲ

ದೇವನಹಳ್ಳಿ ಸೀಮೆಯ ವಿಜಯಪುರದ ಬೀದಿನಾಯಿಗೆ ಆಹಾರದ ಅಭಾವವೇನೂ ಇಲ್ಲ. ರೇಷ್ಮೆಗೂಡನ್ನು ಬೇಯಿಸಿ ನೂಲು ತೆಗೆಯುವ ಮನೆಗಳ ಹಿತ್ತಿಲಿಗೂ ಕೋಳಿ ಅಂಗಡಿಗಳ ಕಸದ ಗುಂಡಿಗೂ ಅದು ತಾನಾಗಿಯೇ ದಾರಿ ಕಂಡುಕೊಳ್ಳುತ್ತದೆ. ಅದರ ಕಷ್ಟ ಆರಂಭವಾಗುವುದು ಕಾಲಿನ ಮೇಲೆ ಲಾರಿಯ ಚಕ್ರ ಹರಿದಾಗ. ಅಂಥದನ್ನು ಎತ್ತಿ ತರುವ ನಮ್ಮಂಥವರ ಕಷ್ಟವೂ ಅಲ್ಲಿಂದಲೇ ಮೊದಲು.

ಸಂಬಳವಿಲ್ಲದ ನಾಲ್ಕಾರು ಜನ ಕೂಡಿ, ಊರಾಚೆಯ ಹಿಪ್ಪುನೇರಳೆ ತೋಟದ ಪಕ್ಕದಲ್ಲಿ ಬಾಡಿಗೆಗೆ ಹಿಡಿದ ತಗಡಿನ ಷೆಡ್ಡಿನಲ್ಲಿ ನಡೆಸಿಕೊಂಡು ಬಂದಿರುವ ಈ ಆಶ್ರಯದ ಲೆಕ್ಕವನ್ನು ಬಹುಕಾಲದಿಂದ ಬರೆಯುತ್ತಿರುವವನು ನಾನಾದುದರಿಂದ, ಕರುಣೆಯ ಸ್ವಭಾವವನ್ನು ಕುರಿತು ನಾನು ಅರಿತದ್ದೆಲ್ಲ ಜಮಾಖರ್ಚಿನ ಬಾಬುಗಳಿಂದಲೇ ಅರಿತದ್ದು. ಮುರಿದ ಕಾಲಿನ ನಾಯಿಯ ಚಿತ್ರವನ್ನು ವಾಟ್ಸಾಪಿನಲ್ಲಿ ಹಾಕಿದ ದಿನ ಮುಖಪರಿಚಯವಿಲ್ಲದವರೂ ಹಣ ಕಳುಹಿಸುತ್ತಾರೆ. ಅದೇ ನಾಯಿ ಗುಣಹೊಂದಿ, ಮೂರು ಕಾಲಿನಲ್ಲಿ ಕುಂಟುತ್ತ, ಬೀದಿಗೆ ಬಿಡಲಾಗದೆ ಆಯುಷ್ಯವಿರುವತನಕ ನಮ್ಮಲ್ಲಿಯೇ ಉಣ್ಣಬೇಕಾದಾಗ ಅದರ ಹೆಸರಿಗೆ ಬಿಡಿಗಾಸೂ ಬಾರದು. ಖರ್ಚಾದರೋ ಗುಣವಾದವುಗಳ ಬಾಬಿನಲ್ಲಿಯೇ ಅಧಿಕ. ನುಚ್ಚಕ್ಕಿ, ಕೋಳಿಯ ತಲೆಕಾಲು, ಫಿನಾಯಿಲು, ನೀರಿನ ಟ್ಯಾಂಕರು, ಬಾಡಿಗೆ: ಇವುಗಳ ಚಿತ್ರ ತೋರಿಸಿ ಯಾರ ಹೃದಯವನ್ನು ಕರಗಿಸಲಾದೀತು?

ಮರಿಗಳಲ್ಲಿ ಪಾರ್ವೊ ಕಾಣಿಸಿಕೊಂಡರಂತೂ ತಿಂಗಳ ಲೆಕ್ಕವೇ ತಲೆಕೆಳಗು. ಆ ವೈರಾಣುವನ್ನೇ ಕೊಲ್ಲುವ ಔಷಧ ಸಾಮಾನ್ಯವಾಗಿ ಕೈಗೆ ಸಿಗತಕ್ಕದ್ದಲ್ಲ. ವಾಂತಿಯಿಂದಲೂ ರಕ್ತಭೇದಿಯಿಂದಲೂ ಸೋತ ಶರೀರ ತಾನೇ ಗೆಲ್ಲುವವರೆಗೆ ಡ್ರಿಪ್ಪು ಕೊಡುತ್ತಿರಬೇಕು. ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುವ ಆ ವೈರಾಣು ಬ್ಲೀಚಿಂಗ್ ದ್ರಾವಣಕ್ಕೆ ಬಗ್ಗೀತೇ ಹೊರತು ಫಿನಾಯಿಲಿಗೆ ಬಗ್ಗದು. ಅಂಥದೊಂದು ಸಂಜೆ ಔಷಧದ ಅಂಗಡಿಯವರು ಉದ್ದರಿ ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿ, “ಹಳೇದು ಒಂಚೂರು ತೀರಿಸಿ ಮೇಷ್ಟ್ರೇ, ಆಮೇಲೆ ಹೊಸದು” ಎಂದರು. ಎನ್ನುತ್ತಲೇ ಸಲೈನಿನ ಬಾಟಲಿಗಳನ್ನು ಎಣಿಸಿ ಚೀಲಕ್ಕೆ ಹಾಕುತ್ತಿದ್ದರು.

ಖರ್ಚು ಏರಲು ರೋಗವೊಂದೇ ಕಾರಣವಲ್ಲ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದಂದಿನಿಂದ ಈ ಸೀಮೆಯ ನೆಲಕ್ಕೆ ಬೆಲೆ ಬಂದಿತು. ಬಡಾವಣೆಗಳೆದ್ದವು, ಬಾಡಿಗೆ ಏರಿತು, ಮನೆ ಬದಲಿಸುವವರು ಬಿಟ್ಟುಹೋದ ಜಾತಿನಾಯಿಗಳೂ ನಮ್ಮ ಬಾಗಿಲಿಗೆ ಬಂದವು. 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ತಮ್ಮ ಇಳಿವಯಸ್ಸಿನಲ್ಲಿ ಸ್ಥಾಪಿಸಿದ ಕ್ಯೂಪಾದಂಥ ಪ್ರಾಣಿಕಲ್ಯಾಣ ಸಂಸ್ಥೆಗಳು ಬೆಂಗಳೂರಿನಲ್ಲಿ ಉಂಟು, ನಿಜ. ಅವುಗಳ ಪಂಜರಗಳೂ ಬರಿದಾಗಿರುವುದಿಲ್ಲ. 2013ರ ಕಂಪನಿ ಕಾಯಿದೆ ಪ್ರಾಣಿಕಲ್ಯಾಣಕ್ಕೆ ಕಂಪನಿಗಳ ಹಣ ಸಲ್ಲಬಹುದೆನ್ನುತ್ತದಾದರೂ, ನೋಂದಣಿ, ಲೆಕ್ಕಪರಿಶೋಧನೆ, ದಾನಕ್ಕೆ ತೆರಿಗೆ ವಿನಾಯಿತಿಯ ಪ್ರಮಾಣಪತ್ರಗಳಿಲ್ಲದ ನಾಲ್ಕಾರು ಜನರಿಗೆ ಆ ಬಾಗಿಲು ತೆರೆಯದು. (ಬಾಗಿಲು ಬಡಿಯುವ ಮೊದಲು ಲೆಕ್ಕಿಗನ ಶುಲ್ಕಕ್ಕೇ ಹಣ ಕೂಡಿಸಬೇಕು!)

ಇಷ್ಟೆಲ್ಲದರಿಂದ ನಮಗೊಂದು ನಿಯಮ ರೂಢಿಯಾಯಿತು. ಗಾಯಗೊಂಡ ನಾಯಿಯ ವಿಷಯ ತಿಳಿಸುವವರನ್ನು, ಗುಣವಾದ ಬಳಿಕ ಅದು ಎಲ್ಲಿಗೆ ಹಿಂದಿರುಗಬೇಕು, ಅಲ್ಲಿ ಅದಕ್ಕೆ ಅನ್ನವಿಡುವವರು ಯಾರು ಎಂದು ಮೊದಲೇ ಕೇಳುತ್ತೇವೆ. ಕಠೋರವೆಂದು ಮುನಿದವರುಂಟು. ಆದರೆ ಬೀದಿನಾಯಿಗಳ ಸಂಖ್ಯೆಯನ್ನು ತಗ್ಗಿಸುವುದು ನಮ್ಮ ಕೈಯಲ್ಲಿಲ್ಲ; ಸಂತಾನಹರಣ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲಿಯೇ ಬಿಡತಕ್ಕದ್ದೆಂಬ 2023ರ ನಿಯಮಗಳ ಹೊಣೆ ಸ್ಥಳೀಯ ಸಂಸ್ಥೆಗಳದು. ಅದು ನಡೆದಷ್ಟೂ ನಮ್ಮ ಷೆಡ್ಡಿಗೆ ಬರುವ ಮರಿಗಳು ಕಡಿಮೆ.

ಓದುಗರು ಕೊಡುವುದಾದರೆ, ನಾಯಿಯ ಹೆಸರನ್ನೂ ಗಾಯದ ಚಿತ್ರವನ್ನೂ ಕೇಳದೆ, ತಮ್ಮ ಊರಿನ ಇಂಥ ಆಶ್ರಯಕ್ಕೆ ತಿಂಗಳಿಗೆ ನೂರು ರೂಪಾಯಿಯನ್ನು ಬಾಡಿಗೆಯ ಬಾಬಿಗೆಂದು ಬರೆದು ಕೊಡಿರಿ.