ಇಂದಿನ ಧಮ್ಮ ಚಿಂತನೆ: ಮನೆಯ ನೆಲದಡಿಯ ಮಗು



ಕಳೆದ ಭಾನುವಾರದ ಅಧ್ಯಯನದಲ್ಲಿ ಅಕ್ಕ ಒಬ್ಬರು ಕೇಳಿದರು: "ನಮ್ಮಲ್ಲಿ ಹೂಳೋದು ರೂಢಿ. ಬೌದ್ಧರಾದ ಮೇಲೆ ಸುಡಲೇಬೇಕಾ? ಸುಡೋದೇ ಮೇಲು ಅಂತಾರಲ್ಲ?"

ಮಣ್ಣನ್ನೇ ಕೇಳೋಣ. ಪುಣೆ ಜಿಲ್ಲೆಯ ಘೋಡ್ ನದಿ ದಂಡೆಯಲ್ಲಿ ಇನಾಂಗಾಂವ್ ಇದೆ. 1968ರಿಂದ 1983ರವರೆಗೆ ಡೆಕ್ಕನ್ ಕಾಲೇಜಿನವರು ಅಲ್ಲಿ ಉತ್ಖನನ ನಡೆಸಿದರು. ಮೂರು ಸಾವಿರ ವರ್ಷಗಳ ಹಿಂದೆ ಅಲ್ಲಿ ಬಾರ್ಲಿ ಬೆಳೆದು, ದನ ಸಾಕಿ ಬದುಕಿದ ರೈತರು ಸತ್ತವರನ್ನು ದೂರ ಒಯ್ಯಲಿಲ್ಲ. ಮನೆಯ ನೆಲದಡಿ, ಅಂಗಳದಲ್ಲಿ ಹೂಳಿದರು. ಮಗು ಸತ್ತರೆ ಎರಡು ಮಡಕೆಗಳ ಬಾಯಿ ಕೂಡಿಸಿ ಅದರೊಳಗೆ ಇಡುತ್ತಿದ್ದರು. ತಾವು ಉಂಡು ಮಲಗುವ ಅದೇ ನೆಲ! ದೊಡ್ಡವರನ್ನು ತಲೆ ಉತ್ತರಕ್ಕೆ ಮಾಡಿ ಮಲಗಿಸಿದರು, ಆದರೆ ಪಾದ ಕತ್ತರಿಸಿ. ಸತ್ತವರು ಎದ್ದು ನಡೆಯದಿರಲಿ ಎಂದಿರಬಹುದು ಎಂಬುದು ವಿದ್ವಾಂಸರ ಊಹೆ.

ಒಬ್ಬನ ಸಮಾಧಿ ಬೇರೆಯೇ. ಊರ ನಡುವಿನ ಐದು ಕೋಣೆಯ ಮನೆ, ಅದಕ್ಕೊಂದು ಕಣಜ. ಅಂಗಳದಲ್ಲಿ ನಾಲ್ಕು ಕಾಲಿನ ದೊಡ್ಡ ಮಣ್ಣಿನ ಪಾತ್ರೆಯೊಳಗೆ ಅವನನ್ನು ಚಕ್ಕಳಮಕ್ಕಳ ಕೂರಿಸಿದ್ದರು. ಪಾದಗಳು ಹಾಗೇ ಇದ್ದವು. ಸಾವಿನಲ್ಲೂ ದೊಡ್ಡವನು ದೊಡ್ಡವನೇ, ನೋಡಿ.

ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಗೆಸಿದಾಗಲೂ ಕಲ್ಲುಕೊಡಲಿ ಕಾಲದ ಶಿಶುಗಳು ಮಡಕೆಗಳಲ್ಲೇ ಸಿಕ್ಕವು. ಎಷ್ಟೋ ತಲೆಮಾರುಗಳ ನಂತರ ಅಲ್ಲಿನ ಬಂಡೆಯ ಮೇಲೆಯೇ ಅಶೋಕ ಜೀವದಯೆಯ, ಸತ್ಯದ ಮಾತು ಕೆತ್ತಿಸಿದ. ಹಾಗೆಂದು ಆ ರೈತರು ಬೌದ್ಧರಾಗಿದ್ದರು ಎಂದು ಯಾರಾದರೂ ಮೆಸೇಜ್ ಕಳಿಸಿದರೆ ನಂಬಬೇಡಿ. ಅವರು ಬುದ್ಧರಿಗಿಂತ ಬಹಳ ಹಿಂದಿನವರು.

ಅಕ್ಕನ ಪ್ರಶ್ನೆಗೆ ಉತ್ತರ ಇಷ್ಟೇ: ಬುದ್ಧರ ದೇಹವನ್ನು ಕುಸಿನಾರದಲ್ಲಿ ಮಲ್ಲರು ದಹಿಸಿದರು. ಬಾಬಾಸಾಹೇಬರ ಅಂತ್ಯಸಂಸ್ಕಾರ 1956ರ ಡಿಸೆಂಬರ್ 7ರಂದು ದಾದರ್‌ನಲ್ಲಿ ಬೌದ್ಧ ವಿಧಿಯಂತೆ ನಡೆಯಿತು, ಅದೂ ದಹನವೇ. ಆದರೆ ಸುಟ್ಟವರು ಮೇಲು, ಹೂತವರು ಕೀಳು ಎಂದು ಧಮ್ಮ ಎಲ್ಲೂ ಹೇಳಿಲ್ಲ. ಹೂಳುವುದು ಯಾವುದೋ ಜಾತಿಯ ಗುರುತಲ್ಲ, ಈ ನೆಲದ ಬೇಸಾಯಗಾರರ ಬಹಳ ಹಳೆಯ ನಡೆ.

ಅಕ್ಕ ಕೇಳಿದ್ದು ತಾವು ಮಣ್ಣಿಗಿಟ್ಟ ಕೂಸಿನ ಬಗ್ಗೆ ಎಂದು ಸಭೆ ಮುಗಿದ ಮೇಲೆ ತಿಳಿಯಿತು. ಸುಡದೆ ತಪ್ಪು ಮಾಡಿದೆ ಎಂದು ನೆಂಟರು ಆಡಿಕೊಂಡಿದ್ದರಂತೆ. ಸತ್ತ ಮಗುವನ್ನು ಹೊತ್ತು ಸಾಸಿವೆಗಾಗಿ ಮನೆಮನೆ ಅಲೆದ ಕಿಸಾಗೋತಮಿಯ ಕಥೆಯನ್ನು ಬರುವ ಭಾನುವಾರ ಓದೋಣ. ಅಕ್ಕನೂ ಬರುತ್ತಾರೆ.

ಭವತು ಸಬ್ಬ ಮಂಗಲಂ 🙏