ಇಲಿಯ ಕಣ್ಣಿನ ಹಾಜರಿ ಪುಸ್ತಕ

ಈ ಶಾಲೆಯಲ್ಲಿ ಮಕ್ಕಳನ್ನು ಹಾಜರಿ ಪುಸ್ತಕದಲ್ಲಿ ಅಕ್ಷರಾನುಕ್ರಮವಾಗಿ ಬರೆದು, ಡ್ರಿಲ್ಲಿನಲ್ಲಿ ಎತ್ತರದ ಕ್ರಮದಲ್ಲಿ ನಿಲ್ಲಿಸುತ್ತಿದ್ದೆವು. ಮಕ್ಕಳು ಅವರೇ, ಕ್ರಮ ಮಾತ್ರ ಬೇರೆ. ಇಲಿಯ ಅಕ್ಷಿಪಟಲದ ಗ್ಯಾಂಗ್ಲಿಯನ್ ಕೋಶಗಳ ವರ್ಗೀಕರಣವೂ ಹೀಗೆಯೇ. ಕಣ್ಣು ಕಂಡುದನ್ನು ಮಿದುಳಿಗೆ ಒಯ್ಯುವ ತಂತುಗಳು ಈ ಕೋಶಗಳವು.

1979ರಲ್ಲಿ ಪೆರಿ ಎಂಬ ವಿಜ್ಞಾನಿ ಆಕಾರವನ್ನು ನೋಡಿ ಇವುಗಳನ್ನು ಒಂದು, ಎರಡು, ಮೂರು ಎಂದು ವಿಂಗಡಿಸಿದರು. 1997ರಲ್ಲಿ ಹಕ್ಸ್‌ಲಿನ್ ಮತ್ತು ಗುಡ್‌ಚೈಲ್ಡ್ ಅವರು ಕೋಶಕಾಯದ ಗಾತ್ರ, ಕವಲುಗಳ ಹರವು ಎರಡನ್ನೂ ಪರಿಗಣಿಸಿ ಎ, ಬಿ, ಸಿ ಗುಂಪುಗಳನ್ನೂ ಅವುಗಳೊಳಗೆ ಉಪವರ್ಗಗಳನ್ನೂ ಮಾಡಿದರು. 2002ರಲ್ಲಿ ಬರ್ಸನ್ ಮತ್ತು ಸಂಗಡಿಗರು, ಸ್ವತಃ ಬೆಳಕನ್ನು ಗ್ರಹಿಸಬಲ್ಲ ಕೆಲವು ಕೋಶಗಳನ್ನು ಇಲಿಯಲ್ಲಿಯೇ ತೋರಿಸಿಕೊಟ್ಟರು. ದೇಹಕ್ಕೆ ಹಗಲಿರುಳಿನ ಲೆಕ್ಕ ಒದಗಿಸುವ ಇವುಗಳ ಈ ಗುಣ ಆಕಾರದ ಪಟ್ಟಿಯೊಂದರಿಂದಲೇ ತಿಳಿಯುವಂತಹುದಲ್ಲ.

ಗ್ಲಾಕೋಮಾ ರೋಗದಲ್ಲಿ ನಶಿಸುವುದು ಗ್ಯಾಂಗ್ಲಿಯನ್ ಕೋಶಗಳೇ. ಯಾವ ಬಗೆಯವು ಮೊದಲು ಅಳಿಯುತ್ತವೆಂದು ಹೇಳಬೇಕಾದರೆ ಒಬ್ಬರ ಪಟ್ಟಿ ಇನ್ನೊಬ್ಬರ ಪಟ್ಟಿಗೆ ತಾಳೆಯಾಗಬೇಕು. ಆದುದರಿಂದ ಈ ವಿಂಗಡಣೆ ಬರಿಯ ಪಾಂಡಿತ್ಯವಲ್ಲ.

ನನ್ನ ಎಡಗಣ್ಣಿನ ಅಂಚಿನ ನೋಟ ಈ ರೋಗದಿಂದಲೇ ಹೋಯಿತು. ನೋವಿರಲಿಲ್ಲ; ವೈದ್ಯರು ಹೇಳುವವರೆಗೆ ನನಗೆ ತಿಳಿಯಲೂ ಇಲ್ಲ. ಹೋದ ನೋಟ ಮರಳಿ ಬಾರದು, ಉಳಿದುದನ್ನು ಕಾಪಾಡಿಕೊಳ್ಳಬಹುದು. ನಲವತ್ತು ದಾಟಿದ ನನ್ನ ಹಳೆಯ ವಿದ್ಯಾರ್ಥಿಗಳೇ, ಕಣ್ಣಿನ ಒತ್ತಡವನ್ನೂ ನರವನ್ನೂ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿರಿ.